ಗುಜರಿಯಲ್ಲಿ ಬಿದ್ದಿರೋ ಒಳ್ಳೆ ಉಕ್ಕು: ಹಳೆಯ ಕೈ ಉಪಕರಣ ಕೊಳ್ಳುವ ಮುಂಚೆ ಏನು ನೋಡಬೇಕು?

ಹೊಸ ಮಚ್ಚು ತಂದು ನಾಲ್ಕು ದಿನ ಆಗಿಲ್ಲ, ಆಗಲೇ ಬಾಯಿ ಮಡಚಿಕೊಂಡಿದೆ ಅನ್ನೋ ದೂರನ್ನ ಯುವ ರೈತರಿಂದ ನಾನು ಮತ್ತೆ ಮತ್ತೆ ಕೇಳ್ತೀನಿ. ಅದೇ ಹೊತ್ತಿಗೆ ಅದೇ ಊರಿನ ಗುಜರಿ ಅಂಗಡಿಯಲ್ಲಿ, ಒಡೆದ ಬಕೆಟ್ಟು, ಸೈಕಲ್ ರಿಮ್ಮುಗಳ ಕೆಳಗೆ ಯಾರದೋ ಅಜ್ಜನ ಕಾಲದ ಕೊಡಲಿ ತಲೆಯೊಂದು ಬಿದ್ದಿರುತ್ತೆ. ಮೇಲೆ ತುಕ್ಕು, ಒಳಗೆ ಚಿನ್ನದಂಥ ಉಕ್ಕು. ವಾರದೊಳಗೆ ಅದು ಲಾರಿ ಹತ್ತಿ ಕರಗಿಸೋ ಕುಲುಮೆಗೆ ಹೋಗುತ್ತೆ.

ಹನ್ನೆರಡು ವರ್ಷದಿಂದ ನಾನು ಇಂಥವನ್ನ ಹುಡುಕಿ ತರ್ತಿದ್ದೀನಿ. ನಮ್ಮ ತೋಟದಲ್ಲಿ ದಿನಾ ಕೈಗೆ ಬರೋ ಹಾರೆ, ಪಿಕಾಸಿ, ಗುದ್ದಲಿ, ಕುಡುಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಬಂದವು. ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತ ತಿಳ್ಕೋಬೇಡಿ. ಹಳೆಯ ಕಾಲದಲ್ಲೂ ಕಳಪೆ ಕೆಲಸ ಇತ್ತು. ಮಣ್ಣಿಗೆ ಹದ ಇರೋ ಹಾಗೆ ಉಕ್ಕಿಗೂ ಒಂದು ಹದ ಇದೆ. ಆ ಹದ ಉಳಿದಿದ್ರೆ ನೂರು ವರ್ಷದ ಉಪಕರಣವೂ ಕೆಲಸಕ್ಕೆ ಬರುತ್ತೆ. ಹೋಗಿದ್ರೆ ಅದು ಬರೀ ಕಬ್ಬಿಣ. ಇದನ್ನ ಅಂಗಡಿ ಮುಂದೆ ನಿಂತೇ ಪತ್ತೆ ಮಾಡೋದು ಹೇಗೆ ಅನ್ನೋದೇ ಈ ವಾರದ ವಿಷಯ.

ಯಾವಾಗ, ಎಲ್ಲಿ ಹುಡುಕಬೇಕು?

ಒಳ್ಳೆಯ ಕಾಲ ಆಯುಧ ಪೂಜೆಗೆ ಮುಂಚಿನ ಎರಡು ವಾರ. ಮನೆಮನೆಯಲ್ಲೂ ಅಟ್ಟ ಇಳಿಸಿ ಸ್ವಚ್ಛ ಮಾಡ್ತಾರೆ. ಪೂಜೆಗೆ ಇಡೋದು ಒಳಗೆ, ಬೇಡದ್ದು ಗುಜರಿಯವನ ಗಾಡಿಗೆ. ಎರಡನೆಯದು, ಹಳೆಯ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವಾಗ. ಮೂರನೆಯದು, ಅಣ್ಣತಮ್ಮಂದಿರು ಹಿಸ್ಸೆ ಆದಾಗ. ಜಮೀನು, ಪಾತ್ರೆ ಎಲ್ಲಾ ಲೆಕ್ಕ ಹಾಕಿ ಹಂಚಿಕೊಳ್ತಾರೆ, ಮೂಲೆಯಲ್ಲಿರೋ ಉಳಿ, ಗರಗಸ ಯಾರಿಗೂ ಬೇಡ.

ಕೊಡಗು, ಚಿಕ್ಕಮಗಳೂರು ಕಡೆ ಕಾಫಿ ಎಸ್ಟೇಟ್ ಕೈ ಬದಲಾದಾಗ ಅಥವಾ ಹಳೆ ಗೋದಾಮು ಖಾಲಿ ಮಾಡುವಾಗ ವಿಚಾರಿಸಿ. ಬ್ರಿಟಿಷ್ ಪ್ಲಾಂಟರ್‌ಗಳ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ಉಪಕರಣಗಳು ಅಲ್ಲಿ ಈಗಲೂ ಸಿಗ್ತವೆ. ಬೆಂಗಳೂರಿನ ಎಸ್‌ಜೆಪಿ ರಸ್ತೆ ಕಡೆಯ ಭಾನುವಾರದ ಬಜಾರಿನಲ್ಲೂ ಹಳೆ ಉಪಕರಣ ಹರಡಿಕೊಂಡು ಕೂರ್ತಾರೆ. ಆದರೆ ಅಲ್ಲಿ ಬೆಲೆ ಗೊತ್ತಿರೋ ವ್ಯಾಪಾರಿಗಳೇ ಜಾಸ್ತಿ. ನನ್ನ ಅನುಭವದಲ್ಲಿ ತಾಲ್ಲೂಕು ಕೇಂದ್ರದ ಗುಜರಿಯೇ ವಾಸಿ.

ಮುದ್ರೆ ಓದಿ

ಮೊದಲು ಬ್ರಷ್‌ನಿಂದ ಮಣ್ಣು ಉಜ್ಜಿ, ಫೋನಿನ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೀರಿ. ನೇರ ಬೆಳಕಲ್ಲಿ ಕಾಣದ ಅಕ್ಷರ ಓರೆ ಬೆಳಕಲ್ಲಿ ಎದ್ದು ಕಾಣುತ್ತೆ.

ಟಾಟಾ ಅಗ್ರಿಕೊ ಮುದ್ರೆಯ ಹಳೆ ಗುದ್ದಲಿ, ಪಿಕಾಸಿ, ಹಾರೆಗಳು ನಮ್ಮಲ್ಲಿ ಸಾಮಾನ್ಯವಾಗಿ ಸಿಗ್ತವೆ, ನಂಬಬಹುದು. ಉಳಿ, ಗರಗಸಗಳ ಮೇಲೆ ಶೆಫೀಲ್ಡ್ ಅಂತಿದ್ರೆ ಅದು ಉಕ್ಕಿಗೆ ಹೆಸರಾದ ಇಂಗ್ಲೆಂಡಿನ ಊರು. 'ಕಾಸ್ಟ್ ಸ್ಟೀಲ್' ಅನ್ನೋ ಮುದ್ರೆ ಕಂಡು ಎರಕದ ಕಬ್ಬಿಣ ಅಂತ ಬಿಟ್ಟು ಬರಬೇಡಿ. ಅದರರ್ಥ ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕು. ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಈ ವಿಧಾನ ರೂಢಿಗೆ ತಂದ. ಮೂಸೆ ಉಕ್ಕು ನಮಗೆ ಹೊಸದೇನಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡ್ತಿದ್ದದ್ದನ್ನ ಬರೆದಿಟ್ಟಿದ್ದಾನೆ.

ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಕಳಪೆ ಅಲ್ಲ. ನಮ್ಮ ಕಮ್ಮಾರರು ಮಚ್ಚು, ಕುಡುಗೋಲಿಗೆ ಹೆಸರು ಹಾಕೋದು ಅಪರೂಪ. ಲಾರಿಯ ಕಮಾನು ಪಟ್ಟಿ ಬಡಿದು ಮಾಡಿದ ಮಚ್ಚು ಎಷ್ಟೋ ಬ್ರಾಂಡ್ ಮಾಲಿಗಿಂತ ಮೇಲು. ಕಾರಣ ಸರಳ. ಕಿಟಕಿ ಸರಳಿಗೆ ಬಳಸೋ ಮೆದು ಕಬ್ಬಿಣದಲ್ಲಿ ಇಂಗಾಲ ಶೇ. 0.2ರ ಆಸುಪಾಸು, ಅದಕ್ಕೆ ಎಷ್ಟು ಕಾಯಿಸಿ ನೀರಿಗೆ ಅದ್ದಿದ್ರೂ ಗಡಸು ಬರಲ್ಲ. ಕಮಾನು ಪಟ್ಟಿಯಲ್ಲಿ ಶೇ. 0.6ರ ಹತ್ತಿರ ಇರುತ್ತೆ, ಹದ ಹಿಡಿಯುತ್ತೆ.

ಅಂಗಡಿ ಮುಂದೆ ಐದು ಪರೀಕ್ಷೆ

ಜೇಬಿನಲ್ಲಿ ಒಂದು ಸಣ್ಣ ಅರ, ಸೀಮೆಸುಣ್ಣ, ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆ, ಬ್ರಷ್ಷು, ಗಟ್ಟಿ ದಾರ ಇಟ್ಕೊಳ್ಳಿ. ಅರ ಹಾಕುವ ಮುಂಚೆ ಅಂಗಡಿಯವರನ್ನ ಒಂದು ಮಾತು ಕೇಳಿ.

1. ತುಕ್ಕು ನೋಡಿ. ಕೆಂಪು ಪುಡಿಯಂಥ ತುಕ್ಕಿಗೆ ಹೆದರಬೇಡಿ, ಉಜ್ಜಿದ್ರೆ ಹೋಗುತ್ತೆ. ಸಿಡುಬಿನ ಕಲೆ ಥರ ಗುಳಿ ಬಿದ್ದಿದ್ರೆ ಅದು ಎಲ್ಲಿದೆ ನೋಡಿ. ಕೊಡಲಿಯ ಬೆನ್ನಿನಲ್ಲಿ, ಹಾರೆಯ ನಡುವಿನಲ್ಲಿ ಇದ್ರೆ ತೊಂದರೆಯಿಲ್ಲ. ಬಾಯಿಯ ಹತ್ತಿರ ಇದ್ರೆ ಬಿಟ್ಟುಬಿಡಿ, ಎಷ್ಟು ಮಸೆದರೂ ಅಂಚು ಹಲ್ಲು ಹಲ್ಲಾಗುತ್ತೆ.

2. ದನಿ ಕೇಳಿ. ಕೊಡಲಿ ತಲೆಯನ್ನೋ ಪಿಕಾಸಿಯನ್ನೋ ದಾರದಲ್ಲಿ ನೇತುಹಾಕಿ ಇನ್ನೊಂದು ಕಬ್ಬಿಣದಿಂದ ಮೆಲ್ಲಗೆ ತಟ್ಟಿ. ಟಣ್ ಅಂತ ಎಳೆದು ಕೇಳಿಸಿದ್ರೆ ಸರಿ. ಒಡೆದ ಮಡಕೆ ಥರ ಸದ್ದು ಬಂದ್ರೆ ಒಳಗೆ ಬಿರುಕು ಇರಬಹುದು.

3. ಬಿರುಕು ಹುಡುಕಿ. ಕಾವು ಕೂರೋ ತೂತಿನ ಸುತ್ತ ಎಣ್ಣೆ ಬಟ್ಟೆಯಿಂದ ಒರೆಸಿ. ಐದು ನಿಮಿಷ ಬಿಟ್ಟು ಚೆನ್ನಾಗಿ ಒಣ ಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿ. ಬಿರುಕಿದ್ರೆ ಒಳಗಿನ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಕಪ್ಪು ಗೆರೆ ಎಳೆಯುತ್ತೆ.

4. ಅರ ಹಾಕಿ. ಬಾಯಿಯ ಮೂಲೆಯಲ್ಲಿ ಒಂದೇ ಸಲ ಮೆಲ್ಲಗೆ ಎಳೀರಿ. ಬೆಣ್ಣೆ ಥರ ಕೊರೆದರೆ ಉಕ್ಕು ಮೆದು. ಕಷ್ಟಪಟ್ಟು ಸ್ವಲ್ಪವೇ ಕಚ್ಚಿದ್ರೆ ಕೊಡಲಿ, ಮಚ್ಚಿಗೆ ಅದೇ ಸರಿಯಾದ ಹದ. ಗಾಜಿನ ಮೇಲೆ ಹೋದ ಹಾಗೆ ಜಾರಿದ್ರೆ ತುಂಬಾ ಗಡಸು. ಉಳಿಗೆ ಅದು ಒಳ್ಳೇದು, ಏಟು ತಿನ್ನೋ ಕೊಡಲಿಗೆ ಒಳ್ಳೇದಲ್ಲ, ಚಕ್ಕೆ ಏಳುತ್ತೆ.

5. ಬಣ್ಣ ನೋಡಿ. ಬಾಯಿಯಲ್ಲಿ ನೀಲಿ ಛಾಯೆ ಇದ್ರೆ ಯಾರೋ ಗ್ರೈಂಡರ್ ಹಿಡಿದು ಸುಟ್ಟಿದ್ದಾರೆ, ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಗಡಸು ಕಳ್ಕೊಂಡಿದೆ ಅಂತ ಅರ್ಥ. ಅಂಚಿನಲ್ಲಿ ಕೂದಲೆಳೆಯಷ್ಟಿದ್ರೆ ತಣ್ಣಗೆ ಅರ ಹಾಕಿ ತೆಗೀಬಹುದು, ಅಗಲವಾಗಿದ್ರೆ ಮತ್ತೆ ಹದ ಹಾಕಿಸಲೇಬೇಕು. ಹೊಸದಾಗಿ ಬಣ್ಣ ಬಳಿದದ್ದು ಕಂಡ್ರೆ ಇನ್ನೂ ಹುಷಾರು. ಬಣ್ಣದ ಕೆಳಗೆ ವೆಲ್ಡಿಂಗ್ ಅಡಗಿರಬಹುದು.

ಇವು ಪುಕ್ಕಟೆ ಕೊಟ್ರೂ ಬೇಡ

ತಲೆ ಅಣಬೆ ಥರ ಅರಳಿದ ಚಾಣ, ಉಳಿ, ಸುತ್ತಿಗೆಗಳನ್ನ ಹಾಗೇ ಬಳಸಬೇಡಿ. ನಮ್ಮ ದೊಡ್ಡಪ್ಪ ಬಾವಿಯಲ್ಲಿ ಬಂಡೆ ಸೀಳುವಾಗ ಅಂಥದ್ದೇ ಚಾಣದ ಅಂಚಿಂದ ಸಿಡಿದ ಚೂರು ಅವರ ಬಲಗಣ್ಣು ತೆಗೆದುಕೊಂಡು ಹೋಯ್ತು. ಚೂರು ಒಂದು ರಾಗಿ ಕಾಳಿನಷ್ಟೂ ಇರಲಿಲ್ಲ. ಅರಳಿದ ಭಾಗವನ್ನ ಪೂರ್ತಿ ಸಾಣೆ ಹಿಡಿದು ತೆಗೆದ ಮೇಲೆ ಮಾತ್ರ, ಅದೂ ಕನ್ನಡಕ ಹಾಕ್ಕೊಂಡೇ ಬಳಸಿ. ಬಿರುಕು ಇದ್ದದ್ದಕ್ಕೆ ಈ ರಿಯಾಯಿತಿಯೂ ಇಲ್ಲ.

ಬೆಂಕಿ ಬಿದ್ದ ಮನೆಯಿಂದ ಬಂದ ಉಪಕರಣದ ಹದ ಪೂರ್ತಿ ಹೋಗಿರುತ್ತೆ. ಮೈ ಮೇಲೆ ಬೂದು ಪದರ, ಕಾವಿನ ತೂತಿನಲ್ಲಿ ಇದ್ದಿಲು ಕಂಡ್ರೆ ಅದೇ ಗುರುತು. ಹಳೆಯ ಹಿತ್ತಾಳೆ ಸ್ಪ್ರೇಯರ್ ನೋಡೋಕೆ ಚೆನ್ನಾಗಿರುತ್ತೆ, ಆದರೆ ಅದರಲ್ಲಿ ಯಾವ ಕಾಲದ ಯಾವ ವಿಷ ತುಂಬಿದ್ರೋ ಹೇಳೋರು ಯಾರೂ ಇಲ್ಲ. ಮನೆಯಲ್ಲಿ ಮಕ್ಕಳಿರ್ತಾರೆ, ತರಬೇಡಿ. ಹಲಗೆ ಮಡಚಿ ನಿರಿಗೆ ಬಿದ್ದ ಗರಗಸವನ್ನ ನೆಟ್ಟಗೆ ಮಾಡೋದು ಎಲ್ಲರ ಕೈಯಲ್ಲಿ ಆಗೋ ಕೆಲಸವಲ್ಲ.

ಬೆಲೆ ಮಾತಾಡೋದು

ಗುಜರಿಯವರು ಕೊಳ್ಳೋದು ತೂಕದ ಲೆಕ್ಕದಲ್ಲಿ. ನಾನು ಆ ದಿನದ ಕಬ್ಬಿಣದ ದರ ಮೊದಲು ಕೇಳ್ತೀನಿ, ಅದರ ಎರಡು-ಮೂರು ಪಟ್ಟು ಕೊಡೋಕೆ ತಯಾರಿರ್ತೀನಿ. ಅವರಿಗೂ ಲಾಭ, ನನಗೂ ಲಾಭ. ಮುಂದಿನ ಸಲ ಒಳ್ಳೆ ಮಾಲು ಬಂದ್ರೆ ಅವರೇ ಫೋನ್ ಮಾಡ್ತಾರೆ. ಕಾವಿಗೆ ದುಡ್ಡು ಕೊಡಬೇಡಿ, ಹಳೆ ಕಾವು ಹೆಚ್ಚುಕಮ್ಮಿ ಬದಲಾಯಿಸಲೇಬೇಕು. ಅದರ ಖರ್ಚು, ಕಮ್ಮಾರರ ಕೂಲಿ, ಬಸ್ ಚಾರ್ಜು ಸೇರಿಸಿ ಹೊಸದರ ಬೆಲೆ ದಾಟಿದ್ರೆ ಬಿಟ್ಟು ಬನ್ನಿ.

ಮನೆಯವರಿಂದ ನೇರ ಕೊಳ್ಳುವಾಗ ಮಾತ್ರ ಬೇರೆ ನಡತೆ ಇರಲಿ. ಗಂಡ ತೀರಿಕೊಂಡ ಹೆಣ್ಣುಮಗಳು ಅವರ ಬಡಗಿ ಪೆಟ್ಟಿಗೆ ಮಾರ್ತಿದ್ರೆ ಅದರಲ್ಲಿ ಏನೇನಿದೆ, ಯಾವುದಕ್ಕೆ ಬೆಲೆ ಇದೆ ಅಂತ ನಿಮಗೆ ಗೊತ್ತಿದ್ದಷ್ಟು ಹೇಳಿ ಕೊಳ್ಳಿ. ಗೊತ್ತಿಲ್ಲದವರ ಹತ್ತಿರ ಕಡಿಮೆಗೆ ಹೊಡ್ಕೊಂಡು ಬಂದ ಉಪಕರಣ ಕೈಗೆ ಹಿಡಿಸಲ್ಲ. ಇನ್ನು, ಕದ್ದ ಮಾಲು ಅಂತ ಅನುಮಾನ ಬಂದ್ರೆ ಮುಟ್ಟಲೇಬೇಡಿ. ಗೊತ್ತಿದ್ದೂ ಕೊಳ್ಳೋದು ಅಪರಾಧ.

ಫೋನ್‌ನಲ್ಲಿ ಕೊಳ್ಳೋರಿಗೆ

ಆ್ಯಪ್‌ಗಳಲ್ಲಿ ಹಳೆ ಉಪಕರಣದ ಫೋಟೋ ಬಹಳ ಬರುತ್ತೆ. ಬಾಯಿ, ಬೆನ್ನು, ಕಾವಿನ ತೂತು, ಮುದ್ರೆ ಈ ನಾಲ್ಕರ ಹತ್ತಿರದ ಫೋಟೋ ಕೇಳಿ. ಒಂದು ಏಟು ಹಾಕಿ ದನಿ ಕೇಳಿಸೋ ವಿಡಿಯೋ ಕಳಿಸಿದ್ರೆ ಇನ್ನೂ ಒಳ್ಳೇದು. ನೋಡದೆ ಅಡ್ವಾನ್ಸ್ ಹಾಕಬೇಡಿ. ನೀವು ಮಾರುವಾಗ ಯಾರಾದ್ರೂ 'ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ, ದುಡ್ಡು ಬರುತ್ತೆ' ಅಂದ್ರೆ ಅದು ಮೋಸವೇ. ಯುಪಿಐನಲ್ಲಿ ದುಡ್ಡು ಪಡೆಯೋಕೆ ಪಿನ್ ಬೇಕಾಗೋದೇ ಇಲ್ಲ. ಮೋಸ ಹೋದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಮನೆಗೆ ತಂದ ಮೇಲೆ

ತುಕ್ಕಿಗೆ ಹುಣಸೆ ನೀರು ಸಾಕು. ಹಳೆ ಹುಣಸೆಹಣ್ಣನ್ನ ಗಟ್ಟಿಯಾಗಿ ಕಿವುಚಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ. ವಿನೆಗರ್ ಕೂಡ ಆಗುತ್ತೆ. ಆಮೇಲೆ ವಾಷಿಂಗ್ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒರೆಸಿ, ಬಿಸಿಲಿಗಿಟ್ಟು ಎಣ್ಣೆ ಹಚ್ಚಿ. ಹುಳಿ ಉಳಿದ್ರೆ ಎರಡೇ ದಿನಕ್ಕೆ ಮತ್ತೆ ತುಕ್ಕು. ದಿನಗಟ್ಟಲೆ ಹುಳಿಯಲ್ಲೇ ಬಿಟ್ರೆ ಒಳ್ಳೆ ಉಕ್ಕನ್ನೂ ಅದು ತಿನ್ನುತ್ತೆ.

ಕಾವಿಗೆ ತಡಸಲು ಅಥವಾ ದಿಂಡಿಗದ ಮರ ಒಳ್ಳೆಯದು, ಏಟಿನ ಜುಮ್ಮನ್ನ ತಡ್ಕೊಳ್ಳುತ್ತೆ. ನಾರು ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಗಿರಬೇಕು. ಅಡ್ಡನಾರಿನ ಕಾವು ಮುರಿದರೆ ಕೊಡಲಿ ತಲೆ ಹಾರೋದು ಪಕ್ಕದಲ್ಲಿ ನಿಂತವರ ಕಡೆಗೆ. ಕಾವಿಗೆ ಅಗಸೆ ಎಣ್ಣೆ ಹಚ್ಚಿ ಒಣಗಿಸಿ. ಆ ಎಣ್ಣೆ ಬಟ್ಟೆಯನ್ನ ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ಕೊಳ್ಳುತ್ತೆ. ಬಿಡಿಸಿ ತಂತಿ ಮೇಲೆ ಹರಡಿ.

ಹದ ಹೋದದ್ದನ್ನ ಕಮ್ಮಾರರ ಹತ್ತಿರ ಕೊಂಡೊಯ್ಯಿರಿ. ಕುಲುಮೆಯಲ್ಲಿ ಕೆಂಪಗೆ ಕಾದ ಉಕ್ಕಿಗೆ ಅಯಸ್ಕಾಂತ ಅಂಟದೇ ಹೋಗುತ್ತಲ್ಲ, ಹೆಚ್ಚುಕಮ್ಮಿ ಅದೇ ಅದ್ದೋ ಹೊತ್ತು. ಅದ್ದಿದ ಮೇಲೆ ಉಕ್ಕು ಗಾಜಿನಷ್ಟು ಪೆಡಸು, ಹಾಗಾಗಿ ಮತ್ತೆ ಮೆಲ್ಲಗೆ ಬಿಸಿ ಮಾಡಿ ಇಳಿಸಬೇಕು. ಉಳಿಗೆ ಒಣಹುಲ್ಲಿನ ಬಣ್ಣ ಬಂದಾಗ ನಿಲ್ಲಿಸ್ತಾರೆ, ಏಟು ತಿನ್ನೋ ಕೊಡಲಿಗೆ ಕಂದು ದಾಟಿ ನೇರಳೆ ಬರೋವರೆಗೆ. ಇದನ್ನ ಕಣ್ಣಳತೆಯಲ್ಲೇ ಮಾಡೋ ಕಮ್ಮಾರರು ನಮ್ಮ ಹೋಬಳಿಯಲ್ಲಿ ಈಗ ಇಬ್ಬರೇ ಇದ್ದಾರೆ, ಇಬ್ಬರಿಗೂ ಅರವತ್ತು ದಾಟಿದೆ. ಹಳೆ ಉಪಕರಣ ಇನ್ನೂ ಇಪ್ಪತ್ತು ವರ್ಷ ಸಿಗಬಹುದು. ಅದಕ್ಕೆ ಹದ ಹಾಕೋ ಕೈ ಅಷ್ಟು ದಿನ ಇರುತ್ತೆ ಅಂತ ಹೇಳೋಕಾಗಲ್ಲ. ಈಗಲೇ ಹೋಗಿ ಕುಲುಮೆ ಹತ್ತಿರ ಕೂತ್ಕೊಳ್ಳಿ. ಅವರು ಒಪ್ಪಿದ್ರೆ ಫೋನಲ್ಲಿ ವಿಡಿಯೋ ಮಾಡಿ, ಯಾವ ಬಣ್ಣಕ್ಕೆ ಅದ್ದಿದ್ರಿ, ಯಾಕೆ ಅಂತ ಕೇಳಿ ಬರ್ಕೊಳ್ಳಿ.

ಗುಜರಿಗೆ ಹೋಗುವ ಮುಂಚೆ ಇನ್ನೊಂದು ಕೆಲಸ. ಮೊದಲು ನಿಮ್ಮ ಮನೆ ಅಟ್ಟ ಹತ್ತಿ ನೋಡಿ. ಅಜ್ಜನ ಪಿಕಾಸಿಯೋ ಕೊಡಲಿಯೋ ಅಲ್ಲೇ ಮಲಗಿರಬಹುದು. ಅದಕ್ಕೊಂದು ದಾರ ಕಟ್ಟಿ, ನೇತುಹಾಕಿ, ತಟ್ಟಿ ಕೇಳಿ.