ಕೈ ಮೊದಲು, ಸದ್ದು ಆಮೇಲೆ

ದುಡಿಗೆ ಕೈ ಬಿದ್ದು, ಸದ್ದು ಆಮೇಲೆ ಬಂದರೆ ಅದನ್ನು ಡಬ್ಬಿಂಗ್ ತಪ್ಪೆಂದು ಯಾರೂ ಬಿಟ್ಟುಬಿಡುವುದಿಲ್ಲ. ಮಾತಾದರೆ ಬೇರೆ. ನಾಯಕನ ತುಟಿ ಮುಚ್ಚಿದ ಮೇಲೂ ಒಂದಕ್ಷರ ಉಳಿದರೆ ‘ಇರಲಿ’ ಎಂದುಕೊಂಡು ಸಿನಿಮಾ ನೋಡಿದವರೇ ನಾವೆಲ್ಲ. ಪುತ್ತೂರಿನ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯನ್ನು ಬಂಟ್ವಾಳ ಕಡೆಯ ಮಂಚಿಯ ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಆ ಚಿತ್ರಕ್ಕೆ ಸ್ವರ್ಣಕಮಲ ಪ್ರಶಸ್ತಿ ಬಂತು. ಅದರಲ್ಲಿ ಚೋಮ ದುಡಿ ಬಾರಿಸುವಾಗ ಪ್ರೊಜೆಕ್ಟರ್ ನಾಲ್ಕೈದು ಫ್ರೇಮ್ ತಪ್ಪಿದರೂ ಕೈಗೂ ಸದ್ದಿಗೂ ಸಂಬಂಧ ಕಡಿದುಹೋಗುತ್ತದೆ. ಶಿವರಾಮ ಕಾರಂತರು ತಾವೇ ‘ಡೊಮಿಂಗೊ’, ‘ಭೂತರಾಜ್ಯ’ ತೆಗೆದಾಗ ಈ ಪೀಕಲಾಟ ಇರಲಿಲ್ಲ. ಅವು ಮೂಕಿ ಚಿತ್ರಗಳು.

35 ಮಿ.ಮೀ. ರೀಲಿನಲ್ಲಿ ಚಿತ್ರದ ಪಕ್ಕದ ಸಣ್ಣ ಪಟ್ಟಿಯಲ್ಲಿ ದನಿ ಅಚ್ಚಾಗಿರುತ್ತದೆ. ತಮಾಷೆಯೆಂದರೆ, ಪಕ್ಕದಲ್ಲಿರುವ ದನಿ ಆ ಚಿತ್ರದ್ದಲ್ಲ. ಪ್ರತಿ ಚಿತ್ರದ ದನಿಯೂ ಅದಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಇರುತ್ತದೆ. ಚಿತ್ರದ ಮೇಲೆ ಬೆಳಕು ಬೀಳುವ ಗೇಟಿನಲ್ಲಿ ರೀಲು ಸೆಕೆಂಡಿಗೆ 24 ಸಲ ನಿಂತು ನಿಂತು ಹೊರಡಬೇಕು, ಇಲ್ಲದಿದ್ದರೆ ಚಿತ್ರ ಕಲಸಿಹೋಗುತ್ತದೆ. ದನಿ ಓದುವ ಸೌಂಡ್ ಹೆಡ್‌ನಲ್ಲಿ ಅದೇ ರೀಲು ಎಲ್ಲೂ ತಡೆಯದೆ ಹರಿಯಬೇಕು. ಹಾಗಾಗಿ ಸೌಂಡ್ ಹೆಡ್ಡನ್ನು ಗೇಟಿನಿಂದ ಕೆಳಗೆ ದೂರದಲ್ಲಿಟ್ಟು, ನಡುವೆ ರೀಲನ್ನು ಸಡಿಲವಾಗಿ ಬಳುಕಿಸಿ ಬಿಡುತ್ತಿದ್ದರು. ಅದಕ್ಕೆ ಲೂಪ್ ಎನ್ನುತ್ತಾರೆ.

ಲೂಪ್ ಬಿಡುವುದು ಆಪರೇಟರನ ಕೈಕೆಲಸವಾಗಿತ್ತು. ಒಂದು ಯಂತ್ರದಲ್ಲಿ ಬೆಳಕಿನ ಕಾರ್ಬನ್ ಕಡ್ಡಿ ಉರಿಯುತ್ತಿರುವಾಗ ಪಕ್ಕದ ಯಂತ್ರಕ್ಕೆ ಮುಂದಿನ ರೀಲು ಪೋಣಿಸಬೇಕಿತ್ತು. ಒಂದು ಫ್ರೇಮ್ ಎಂದರೆ ಅಂಚಿನ ನಾಲ್ಕು ತೂತು, ಸುಮಾರು 19 ಮಿ.ಮೀ. ಲೂಪ್ ಎರಡು ಫ್ರೇಮ್ ಉದ್ದವಾದರೆ ದನಿ ಅಷ್ಟು ತಡ, ಗಿಡ್ಡವಾದರೆ ಅಷ್ಟು ಬೇಗ. ಬೇಗ ಬಂದ ದನಿಯೇ ಹೆಚ್ಚು ಕಿರಿಕಿರಿ. ಗುಡ್ಡದಾಚೆ ಮರ ಕಡಿಯುವವನ ಕೊಡಲಿ ಮೊದಲು ಕಾಣುತ್ತದೆ, ಪೆಟ್ಟು ಆಮೇಲೆ ಕೇಳುತ್ತದೆ. ತಡವಾದ ಸದ್ದು ಕಿವಿಗೆ ಅಭ್ಯಾಸ, ಮುಂಚೆ ಬಂದದ್ದು ಅಲ್ಲ. ಟಾಕೀಸಿನೊಳಗೂ ಇದೇ ಲೆಕ್ಕ. ಒಂದು ಫ್ರೇಮ್ ಓಡುವಷ್ಟರಲ್ಲಿ ಸದ್ದು ಸಾಗುವುದು ಸುಮಾರು 14 ಮೀಟರ್ ಮಾತ್ರ. ಮುಂದಿನ ಬೆಂಚಿನವನಿಗೆ ಸರಿಯಾಗಿದ್ದದ್ದು ಬಾಲ್ಕನಿಯವನಿಗೆ ಒಂದೆರಡು ಫ್ರೇಮ್ ತಡ. ದುಡ್ಡು ಜಾಸ್ತಿ ಕೊಟ್ಟವನಿಗೇ ಸ್ವಲ್ಪ ಮೋಸ ಅನ್ನಿ!

ತಪ್ಪು ಯಾರದೆಂಬ ತನಿಖೆಯನ್ನು ಟಾಕೀಸಿನಲ್ಲಿ ಯಾರೂ ಮಾಡುತ್ತಿರಲಿಲ್ಲ. ಶಿಳ್ಳೆ ಬೀಳುತ್ತಿದ್ದದ್ದು ಆಪರೇಟರನಿಗೇ. ಕಂಡುಹಿಡಿಯುವ ದಾರಿ ಮಾತ್ರ ಇತ್ತು. ಒಂದು ರೀಲು ಬಿಟ್ಟು ಒಂದು ರೀಲಿನಲ್ಲಿ ದನಿ ತಪ್ಪಿದರೆ ಎರಡರಲ್ಲಿ ಒಂದು ಯಂತ್ರ ಅಥವಾ ಅದರ ಲೂಪ್ ಸರಿಯಿಲ್ಲ. ಎಲ್ಲ ಊರಲ್ಲೂ ಅದೇ ಒಂದು ರೀಲು ತಪ್ಪಿದರೆ ಲ್ಯಾಬಿನಲ್ಲೇ ಪ್ರಿಂಟ್ ಕೆಟ್ಟಿದೆ, ಆಪರೇಟರ್ ಪಾಪದವ. ದೊಡ್ಡ ಊರುಗಳಲ್ಲಿ ಓಡಿ ಸವೆದ ಪ್ರಿಂಟು ಸಣ್ಣ ಊರಿಗೆ ಬರುವಾಗ ಅಲ್ಲಲ್ಲಿ ಕತ್ತರಿಸಿ ಅಂಟಿಸಿದ ಜಾಯಿಂಟ್‌ಗಳು ತುಂಬಿರುತ್ತಿದ್ದವು. ಜನ ದೂರುತ್ತಿದ್ದದ್ದು ಇವನ್ನೇ. ಆದರೆ ಜಾಯಿಂಟ್ ದನಿಯನ್ನು ಕೆಡಿಸುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಂಟಿಸಿದ ಜಾಗ ಗೇಟು ದಾಟಿ ಸುಮಾರು 20 ಫ್ರೇಮ್ ಕೆಳಗೆ ಸೌಂಡ್ ಹೆಡ್ ಮುಟ್ಟಿದ ಕೂಡಲೇ ದನಿ ತಾನಾಗಿ ಸರಿಹೋಗುತ್ತದೆ. ಟಾಕಿಯ ಆರಂಭದಲ್ಲಿ ಅಮೆರಿಕದ ವೈಟಾಫೋನ್ ಪದ್ಧತಿಯಲ್ಲಿ ದನಿ ಗ್ರಾಮಫೋನ್ ತಟ್ಟೆಯಲ್ಲಿರುತ್ತಿತ್ತು. ಅಲ್ಲಿ ರೀಲು ತುಂಡಾಗಿ ನಾಲ್ಕು ಫ್ರೇಮ್ ಹೋದರೆ ಅಷ್ಟೇ ಕಪ್ಪು ಫ್ರೇಮ್ ಸೇರಿಸಬೇಕಿತ್ತು, ಇಲ್ಲವಾದರೆ ಆ ರೀಲು ಮುಗಿಯುವವರೆಗೂ ತಪ್ಪೇ. ರೀಲಿನ ಮೇಲೆಯೇ ದನಿ ಅಚ್ಚಾಗತೊಡಗಿದ್ದು ಎಂಥ ಉಪಕಾರವೆಂದು ಇದರಿಂದ ತಿಳಿಯುತ್ತದೆ.

ಈಗ ಆ ರೀಲಿನ ಪೆಟ್ಟಿಗೆಯ ಕಾಲ ಹೋಯಿತು. ತುಳು ಸಿನಿಮಾದ ಜಾಹೀರಾತಿನಲ್ಲಿ ಪುತ್ತೂರಿಗೆ ಅರುಣಾ, ಸುಳ್ಯಕ್ಕೆ ಸಂತೋಷ್ ಎಂದು ಟಾಕೀಸಿನ ಹೆಸರು ಓದಿ ಅಭ್ಯಾಸವಾದ ನಮಗೆ ಈಗ ಒಳಗೆ ಓಡುವುದು ಹಾರ್ಡ್ ಡಿಸ್ಕ್ ಎಂಬುದು ನೆನಪಾಗುವುದೂ ಇಲ್ಲ. ಚಿತ್ರ ಒಂದು ಫೈಲು, ದನಿ ಇನ್ನೊಂದು. ಎಷ್ಟು ತಡವೆಂಬುದನ್ನು ಮಿಲಿಸೆಕೆಂಡಿನಲ್ಲಿ ಒತ್ತಿ ಕೂರಿಸುತ್ತಾರೆ. ಬಸ್ಸಿನಲ್ಲಿ ಬ್ಲೂಟೂತ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಸಿನಿಮಾ ನೋಡುವವನಿಗೆ ಮಾತ್ರ ದನಿ ಇನ್ನೂ ತಡವೇ. ಎಷ್ಟೋ ಆ್ಯಪ್‌ಗಳು ಅದನ್ನು ಸರಿದೂಗಿಸಲು ಚಿತ್ರವನ್ನೇ ಸ್ವಲ್ಪ ಹಿಡಿದು ಬಿಡುತ್ತವೆ. ಆಟದ ಆ್ಯಪ್‌ಗೆ ಆ ಸೌಕರ್ಯವಿಲ್ಲ: ಒತ್ತಿದ್ದು ಈಗ, ಸದ್ದು ಆಮೇಲೆ.