ತಿರುವೈಯಾರಿನ ಸಮೂಹಗಾನ

ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನ ಕಾವೇರೀತೀರದಲ್ಲಿ ಜರುಗುವ ತ್ಯಾಗರಾಜರ ಆರಾಧನೆಯನ್ನು ಕಂಡವರು ಮರೆಯಲಾರರು. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳ ಪಂಚರತ್ನ ಕೃತಿಗಳನ್ನು ಹಿರಿಯ ವಿದ್ವಾಂಸರೂ ಎಳೆಯ ವಿದ್ಯಾರ್ಥಿಗಳೂ ಸಾಲಾಗಿ ಕುಳಿತು ಒಕ್ಕೊರಲಿನಿಂದ ಹಾಡುತ್ತಾರೆ. ನೆಲ ತಮಿಳರದು, ಸಾಹಿತ್ಯ ಸಂಸ್ಕೃತ, ತೆಲುಗು, ಸ್ವಂತ ಗಳಿಕೆಯಿಂದ ಸಮಾಧಿಗೆ ಗುಡಿ ಕಟ್ಟಿಸಿದವರಾದರೋ ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು!

ಆದರೆ ಈ ಸಾಮರಸ್ಯ ಸುಲಭವಾಗಿ ಲಭಿಸಿದುದಲ್ಲ. ಸ್ತ್ರೀಯರು ಅಲ್ಲಿ ಹಾಡಕೂಡದೆಂಬ ಕಟ್ಟುಪಾಡಿತ್ತು. ಗುಡಿ ಕಟ್ಟಿಸಿದಾಕೆಗೇ ಹಾಡಲು ಎಡೆಯಿಲ್ಲ! ನಾಗರತ್ನಮ್ಮನವರು ಎದೆಗುಂದಲಿಲ್ಲ, ಸಮಾಧಿಯ ಹಿಂಬದಿಯಲ್ಲಿ ಸ್ತ್ರೀಯರ ಗೋಷ್ಠಿಯನ್ನೇ ಏರ್ಪಡಿಸಿದರು. 1940ರ ಸುಮಾರಿಗೆ ಬಣಗಳು ಬೆರೆತು, ಉತ್ಸವ ಒಂದಾಯಿತು.

1952ರಲ್ಲಿ ಅವರು ಕಣ್ಮುಚ್ಚಿದರು. ಅವರ ಶಿಲಾಮೂರ್ತಿ ಇಂದಿಗೂ ತ್ಯಾಗರಾಜರ ಸನ್ನಿಧಿಗೆ ಅಭಿಮುಖವಾಗಿ ಕುಳಿತು, ಸ್ತ್ರೀಪುರುಷರು ಕೂಡಿ ಹಾಡುವ ಆ ಗಾನವನ್ನು ಆಲಿಸುತ್ತಿರುವಂತಿದೆ.