ಮೊಣಕಾಲಿಗೆ ಅವಸರ ಸಲ್ಲದು

2023ರ ನವೆಂಬರ 6ರಂದು ನವಿ ಮುಂಬಯಿಯ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಮುಂಬಯಿ ಸಿಟಿ ತಂಡಕ್ಕೂ ಸೌದಿ ಅರೇಬಿಯದ ಅಲ್ ಹಿಲಾಲ್ ತಂಡಕ್ಕೂ ಕಾಲ್ಚೆಂಡಿನ ಪಂದ್ಯ ಜರುಗಿತು. ಅತಿಥಿಗಳು 2-0ರಿಂದ ಗೆದ್ದರು. ಆದರೆ ಜನರು ಕಾಣಬಯಸಿದ್ದ ಬ್ರೆಜಿಲಿನ ನೇಮಾರ್ ಆಡಲಿಲ್ಲ. ಅಕ್ಟೋಬರ 17ರಂದು ಉರುಗ್ವೆಯ ಎದುರಿನ ಪಂದ್ಯದಲ್ಲಿ ಅವರ ಎಡ ಮೊಣಕಾಲಿನ ಅಸ್ಥಿಬಂಧ ಹರಿದಿತ್ತು.

ಅಸ್ಥಿಬಂಧವೆಂದರೆ ಎಲುಬಿಗೆ ಎಲುಬನ್ನು ಬಿಗಿದಿಡುವ ನಾರಿನ ಪಟ್ಟಿ. ಮೊಣಕಾಲಿನ ನಡುವಿನ ಪಟ್ಟಿ ಪೂರ್ಣ ಹರಿದರೆ ತಾನಾಗಿ ಕೂಡುವುದು ಅಪರೂಪ. ಆಟಗಾರರಿಗಾದರೆ ವೈದ್ಯರು ಅವರದೇ ತೊಡೆಯಿಂದಲೋ ಮೊಣಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವನ್ನು ತೆಗೆದು ಅಲ್ಲಿ ಹೂಡುತ್ತಾರೆ. ಶಸ್ತ್ರಕ್ರಿಯೆ ಒಂದೆರಡು ತಾಸಿನದು. ಆದರೆ ಹೊಸ ಪಟ್ಟಿ ಎಲುಬಿನಲ್ಲಿ ಬೇರೂರಲು, ಸೊರಗಿದ ತೊಡೆಯ ಸ್ನಾಯು ವ್ಯಾಯಾಮದಿಂದ ಮರಳಿ ಬಲಿಯಲು ತಿಂಗಳುಗಳೇ ಬೇಕು. ನೋವಡಗಿದ ಮಾತ್ರಕ್ಕೆ ಕಾಲು ಗುಣವಾಯಿತೆಂದು ತಿಳಿಯಲಾಗದು. ಒಂಬತ್ತು ತಿಂಗಳಿಗೆ ಮುನ್ನ ಆಟಗಾರನನ್ನು ಕಣಕ್ಕಿಳಿಸಲು ವೈದ್ಯರು ಸಾಮಾನ್ಯವಾಗಿ ಒಪ್ಪರು.

ನೇಮಾರ್ ಮರಳಿದ್ದು 2024ರ ಅಕ್ಟೋಬರ 21ರಂದು. ಎರಡೇ ವಾರಗಳಲ್ಲಿ ತೊಡೆಯ ಹಿಂಬದಿಯ ಸ್ನಾಯುವಿಗೆ ಪೆಟ್ಟಾಗಿ ಮತ್ತೆ ಹೊರಗುಳಿದರು. ಹಣ, ನುರಿತ ವೈದ್ಯರು ಎಲ್ಲವೂ ಇದ್ದವರ ಪಾಡೇ ಇದು!

ಠಾಣೆ, ಕಲ್ಯಾಣಗಳ ಹೋಟೆಲುಗಳ ಒದ್ದೆ ನೆಲದಲ್ಲಿ ಜಾರಿಯೋ, ಡೊಂಬಿವಲಿಯಲ್ಲಿ ಲೋಕಲ್ ಗಾಡಿಯಿಂದ ಇಳಿಯುವ ಧಾವಂತದಲ್ಲೋ ಮೊಣಕಾಲು ತಿರುಚಿಕೊಂಡವರು ನಮ್ಮಲ್ಲಿಯೂ ಉಂಟು. ಎಣ್ಣೆ ತಿಕ್ಕಿ ಮೂರನೆಯ ದಿನವೇ ಪಾಳಿಗೆ ನಿಲ್ಲುವುದು ಅವಿವೇಕವೇ ಸರಿ. ಮೊಣಕಾಲು ಬಾತು, ನಡೆವಾಗ ಕಳಚಿದಂತಾದರೆ ವೈದ್ಯರಿಗೆ ತೋರಿಸತಕ್ಕದ್ದು. ಇ.ಎಸ್.ಐ. ವಿಮೆಯುಳ್ಳವರಿಗೆ, ಕೆಲಸದಲ್ಲಾದ ಗಾಯದಿಂದ ದುಡಿಯಲಾಗದ ಅವಧಿಗೆ ವೇತನದ ನೂರಕ್ಕೆ 90 ಪಾಲು ದೊರೆಯುತ್ತದೆ.

ಕೆಲಸ ಹೋದೀತೆಂಬ ಭಯವೇ ಗಾಯಾಳುವನ್ನು ಅವಸರಪಡಿಸುತ್ತದೆ. ಆ ಭಯವನ್ನು ನೀಗಿಸುವುದು ಮಾಲಿಕರ ಧರ್ಮ.